ಕೋಲಾರದ ಪಿನ್‌ಕೋಡ್ ಒಡೆದು ನೋಡಿದೆ

ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ತಿಳಿಯಲು ಅದರ ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸುಮ್ನೆ ನಮ್ಮ ಕೋಲಾರದ ಪಿನ್‌ಕೋಡ್ 563101 ಹಿಡಿದು ಕೂತೆ. ಅಂಕಿಗಳ ಮೊತ್ತ 16, ಹಾಗಾಗಿ 3ರಿಂದ ಭಾಗ ಹೋಗುವುದಿಲ್ಲ. ಒಂದು ಬಿಟ್ಟು ಒಂದು ಅಂಕಿ ಕೂಡಿದೆ: 5+3+0 ಎಂಟು, 6+1+1 ಕೂಡ ಎಂಟು. ವ್ಯತ್ಯಾಸ ಸೊನ್ನೆ, ಅಂದರೆ 11ರಿಂದ ಸಲೀಸಾಗಿ ಹೋಗುತ್ತದೆ. (ಈ ಸುಲಭದ ಉಪಾಯ ನಿಮ್ಮ ಲೇಖನದಲ್ಲಿ ಇರಬೇಕಿತ್ತು, ಅಲ್ವಾ?) ಬಂದದ್ದು 51191. ಅದನ್ನು 7ರಿಂದ ಭಾಗಿಸಿದರೆ 7313. ಅಲ್ಲಿ ಸಿಕ್ಕಿಹಾಕಿಕೊಂಡೆ. 67ರವರೆಗೂ ಒಂದೂ ಹೋಗಲಿಲ್ಲ, ಟೀ ಆರಿಹೋಯಿತು. ಕೊನೆಗೆ 71 × 103! ನನ್ನ ತಂಗಿಯ ಊರು ತುಮಕೂರಿನ 572101 ಇನ್ನೂ ಜಾಸ್ತಿ ಸತಾಯಿಸಿತು: 17 × 73 × 461. ಚಿಕ್ಕಬಳ್ಳಾಪುರದ 562101ಕ್ಕೆ 3 ಹೋಗುತ್ತದೆ. ಮುಂದಿನದು ಅಲ್ಲಿಯವರು ಯಾರಾದರೂ ನೋಡಿ.