ಪೈ ಮಾಡುವ ಗಂಡಸರು, ತೊಡೆದೇವು ಮಾಡದ ಗಂಡಸರು

ಪೈ ಎಂದರೆ ಹಿಟ್ಟಿನ ಕವಚದೊಳಗೆ ಹಣ್ಣಿನ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ಅದಕ್ಕೆ ಬೇಕಾದ ಹೊರಕವಚ ಅಂಗಡಿಯಲ್ಲಿ ತಟ್ಟೆಸಮೇತ ಸಿದ್ಧವಾಗಿ ಸಿಗುತ್ತದೆ. ಆದರೂ ಮಿಶಿಗನ್‌ನ ನಮ್ಮ ಬೀದಿಯಲ್ಲಿ ಸೇಬಿನ ಕಾಲ ಬಂತೆಂದರೆ ಮೈದಾ, ಬೆಣ್ಣೆ ತಂದು ಮೊದಲಿನಿಂದ ತಾವೇ ಮಾಡುವವರಿದ್ದಾರೆ. ಅವರಲ್ಲಿ ಗಂಡಸರೂ ಇದ್ದಾರೆ, ಈಗ ನಾನೂ ಒಬ್ಬ. ಶಿರಸಿಯ ಕಡೆಯ ಹಳ್ಳಿಮನೆಯಲ್ಲಿ ಬೆಳೆದ ನನಗೆ ಪೈಗಿಂತ ಹೊಸದಾಗಿ ಕಂಡದ್ದು ಆ ಗಂಡಸರು.

ಕಷ್ಟವೆಲ್ಲ ಹೊರಕವಚದ್ದೇ. ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ನೀರು. ಬೆಣ್ಣೆ ಗಟ್ಟಿಯಾಗಿರಬೇಕು, ನೀರು ಕೊರೆಯುವಷ್ಟು ತಣ್ಣಗಿರಬೇಕು. ಬೆಣ್ಣೆ ಹಿಟ್ಟಿನಲ್ಲಿ ಕರಗಿ ಒಂದಾಗದೆ ಬಟಾಣಿ ಗಾತ್ರದ ಚೂರುಗಳಾಗಿ ಉಳಿಯಬೇಕು. ಓವನ್ನಿನ 220 ಡಿಗ್ರಿ ಸೆಲ್ಸಿಯಸ್ ಕಾವಿಗೆ ಆ ಚೂರುಗಳೊಳಗಿನ ನೀರು ಆವಿಯಾಗಿ ಪದರಗಳನ್ನು ಎಬ್ಬಿಸುತ್ತದೆ. ಹೆಚ್ಚು ನಾದಿದರೆ ಹಿಟ್ಟಿನ ಅಂಟಾದ ಗ್ಲುಟೆನ್ ಬಿಗಿದುಕೊಂಡು ಕವಚ ಗಡುಸಾಗುತ್ತದೆ, ಬೇಯುವಾಗ ಕುಗ್ಗುತ್ತದೆ. ನಾದಿದಷ್ಟೂ ಮೆದು ಎಂದು ಚಪಾತಿಯಿಂದ ಕಲಿತ ಕೈಗೆ ಇದೇ ದೊಡ್ಡ ಶಿಕ್ಷೆ. ಬೆಂದ ಮೇಲೂ ಹೂರಣ ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಸುಮ್ಮನೆ ಕಾಯಬೇಕು.

ಬೇಸಿಗೆಯಲ್ಲಿ ಊರಿಗೆ ಹೋದಾಗ ಬನವಾಸಿಯ ಅನಾನಸು ಹಾಕಿ ಮಾಡಿದೆ. ಹಿಟ್ಟು, ಬಟ್ಟಲು, ಲಟ್ಟಣಿಗೆ ಎಲ್ಲವನ್ನೂ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಬೆಳಗಿನ ಜಾವ ಲಟ್ಟಿಸಿದರೆ ಘಟ್ಟದ ಮೇಲೆ ಹೇಗೋ ಆಗುತ್ತದೆ. ಕಾರವಾರದ ಸೆಕೆಯಲ್ಲಿ ಯಾರಾದರೂ ಮಧ್ಯಾಹ್ನ ಪೈ ಮಾಡಲು ಹೊರಟರೆ ಬೇಡ ಎನ್ನುತ್ತೇನೆ. ಅಂಕೋಲೆಯ ಕರಿ ಇಷಾಡು ಮಾವನ್ನು ಹೂರಣಕ್ಕೆ ಹಾಕುತ್ತೇನೆಂದರೆ ಇನ್ನೂ ಗಟ್ಟಿಯಾಗಿ ಬೇಡ ಎನ್ನುತ್ತೇನೆ; ಆ ಹಣ್ಣನ್ನು ಬೇಯಿಸುವುದು ಅಪರಾಧ. ಆಯಿ ಒಂದು ತುಂಡು ತಿಂದು, “ಚಲೋ ಆಗಿದೆ ತಮಾ. ಇಷ್ಟು ಬೆಣ್ಣೆ ಹಾಕಿದರೆ ಯಾವುದು ಚಲೋ ಆಗುವುದಿಲ್ಲ?” ಎಂದರು.

ನಮ್ಮ ಕಡೆಯ ತೆಳು ಹಾಳೆಯಂಥ ಸಿಹಿತಿಂಡಿ ತೊಡೆದೇವು. ಅವರು ಮಾಡುವ ತೊಡೆದೇವಿಗೆ ಗ್ರಾಮಿನ ಲೆಕ್ಕವಿಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸುತ್ತಾರೆ. ಬೋರಲು ಹಾಕಿ ಕಾಯಿಸಿದ ಮಡಕೆಯ ಮೇಲೆ, ಕೋಲಿಗೆ ಕಟ್ಟಿದ ಬಟ್ಟೆಯನ್ನು ಆ ಹಿಟ್ಟಿನಲ್ಲಿ ಅದ್ದಿ ಎಳೆಯುತ್ತಾರೆ. ಕಾಗದಕ್ಕಿಂತ ತೆಳ್ಳಗೆ ಏಳುವ ಹಾಳೆಯನ್ನು ಬಿಸಿಯಿರುವಾಗಲೇ ಮಡಿಸಬೇಕು, ಆರಿದರೆ ಮುರಿಯುತ್ತದೆ. ಹಿಟ್ಟಿನ ಹದವೇನೆಂದು ಕೇಳಿದರೆ “ನೋಡಿದರೆ ತಿಳಿಯುತ್ತದೆ” ಎನ್ನುತ್ತಾರೆ. ನೋಡಲು ಹತ್ತಿರ ಕುಳಿತಿರುತ್ತಿದ್ದವರು ಹೆಣ್ಣುಮಕ್ಕಳು ಮಾತ್ರ. ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಬಂತೇ ಎಂದು ಬೆರಳಲ್ಲಿ ಹೇಳಬಲ್ಲ ಗಂಡಸು ಅದೇ ದಿನ ಅಡುಗೆಮನೆಯ ಮಡಕೆಯ ಮುಂದೆ ಕೂರುತ್ತಿರಲಿಲ್ಲ. ಪೈ ನನಗೆ ದಕ್ಕಿದ್ದು ಅದನ್ನು ಯಾರೋ ತೂಕ ಹಾಕಿ ಬರೆದಿಟ್ಟಿದ್ದರಿಂದ. ಅದನ್ನು ಓದಲು ಯಾರ ಪಕ್ಕದಲ್ಲೂ ಕೂತು ಬೆಳೆದಿರಬೇಕಾಗಿರಲಿಲ್ಲ.

ಈಗ ಶಿರಸಿಯ ಅಂಗಡಿಗಳಲ್ಲಿ ತೊಡೆದೇವು ಪೊಟ್ಟಣದಲ್ಲಿ ಸಿಗುತ್ತದೆ. ನನಗೆ ಅದರ ಮೇಲೆ ಮುನಿಸಿಲ್ಲ. ಮನೆಯಲ್ಲಿ ಬಿಟ್ಟಿಯಾಗಿ ಬೆಂಕಿಯ ಮುಂದೆ ಬೆಂದ ಕೈಗಳ ಕೆಲಸಕ್ಕೆ ಪೊಟ್ಟಣದಲ್ಲಾದರೂ ಒಂದು ಬೆಲೆ ಬಂತು. “ಮನೆಯ ರುಚಿ ಇಲ್ಲ” ಎಂದು ನಿಟ್ಟುಸಿರು ಬಿಡುವವರಲ್ಲಿ ನನಗೆ ಸಿಕ್ಕಿದವರೆಲ್ಲ ನನ್ನಂಥ ಗಂಡಸರೇ. ಹದವನ್ನು ಗ್ರಾಮಿನಲ್ಲಿ ಬರೆದಿಡೋಣವೆಂದರೆ ಅದಕ್ಕೆ ಕೈಗುಣ ಬೇಕು ಎಂದು ತಡೆಯುವವರೂ ಅವರೇ. ಅವರಿಗೂ ಪೈ ಬಡಿಸಿದೆ. ಎರಡನೆಯ ತುಂಡು ಕೇಳಿದರು; ಹೇಗೆ ಮಾಡಿದೆ ಎಂದು ಒಬ್ಬರೂ ಕೇಳಲಿಲ್ಲ.