ಆ "ಹುಚ್ಚು ಮನೆ"ಗಳಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ

ನಿನ್ನೆ ರಾತ್ರಿ ಗ್ರೂಪಿನಲ್ಲಿ ಬಂದ ಒಂದು ವಿಡಿಯೋ ನೋಡಿದಾಗಿನಿಂದ ತಲೆ ಬಿಸಿಯಾಗಿದೆ. ಊರಿಂದ ಬಂದ ಹುಡುಗನೊಬ್ಬ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಓರೆಯಾಗಿ ವಾಲಿದ ಡಬ್ಬಿಯಂಥ ಹಳದಿ ಕ್ಯೂಬ್ ಮನೆಗಳ ಕೆಳಗೆ ನಿಂತು, "ನೋಡಿ ಫ್ರೆಂಡ್ಸ್, ಡಚ್ಚರ ಹುಚ್ಚು ಮನೆಗಳು, ಇಲ್ಲಿ ಯಾರು ತಾನೇ ಇರ್ತಾರೆ!" ಅನ್ನುತ್ತಾನೆ. ಅವನ ತಲೆಯ ಮೇಲಿನ ಕಿಟಕಿಯಲ್ಲೇ ಪರದೆ ಇದೆ. ಒಂದು ಹೂಕುಂಡವೂ ಇದೆ. ಕತ್ತೆತ್ತಿ ನೋಡಲಿಲ್ಲ. ಕೆಳಗಿನ ಕಾಮೆಂಟುಗಳದ್ದೂ ಅದೇ ರಾಗ: ದುಡ್ಡಿದೆ, ಆಟ ಆಡ್ತಾರೆ.

ಕಟ್ಟಡದ ವಿಷಯಕ್ಕೆ ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಉದ್ದ ಬರೆಯುತ್ತೇನೆ, ಓದಿ.

ಆ ಮನೆಗಳು ಸುಮ್ನೆ ವಾಲಿಲ್ಲ. ಅವು ಇರುವುದು ದೊಡ್ಡ ರಸ್ತೆ ದಾಟುವ ಕಾಲುಸೇತುವೆಯ ಮೇಲೆ. ಅಲ್ಲಿ ಮನೆ ಬೇಕು, ಆದರೆ ಕೆಳಗೆ ಓಡಾಡುವವರಿಗೆ ಜಾಗವೂ ಉಳಿಯಬೇಕು. ಆರ್ಕಿಟೆಕ್ಟ್ ಪೀಟ್ ಬ್ಲೋಮ್ ಒಂದೊಂದು ಮನೆಯನ್ನೂ ಒಂದೊಂದು ಕಂಬದ ಮೇಲೆ ಎತ್ತಿ ಕೂರಿಸಿದರು. ಒಂದು ಮನೆ ಅಂದರೆ ಒಂದು ಮರ, ಎಲ್ಲ ಸೇರಿದರೆ ಕಾಡು ಅನ್ನುವುದು ಅವರ ಯೋಚನೆ. 1970ರ ದಶಕದಲ್ಲಿ ಹೆಲ್ಮಂಡ್ ಅನ್ನುವ ಊರಿನಲ್ಲಿ ಮೊದಲು ಕಟ್ಟಿ ನೋಡಿ, ಆಮೇಲೆ ರಾಟರ್‌ಡ್ಯಾಮಿಗೆ ತಂದರು. 1984ಕ್ಕೆ ಮುಗಿಯಿತು. ಗೋಡೆ ವಾಲಿರುವುದರಿಂದ ಒಳಗೆ ಸುಮಾರು ಕಾಲು ಭಾಗ ಜಾಗ ಬಳಕೆಗೆ ಬರುವುದಿಲ್ಲ. ಅದು ಕೊರತೆಯೇ. ಆದರೂ ಜನ ಇವತ್ತಿಗೂ ಇದ್ದಾರೆ. ಒಂದು ಮನೆಯನ್ನು ಮ್ಯೂಸಿಯಂ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆ ಹುಡುಗ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು.

ನನ್ನ ತಕರಾರು ಇಷ್ಟೇ. ನಾವು ಆಕಾರ ನೋಡುತ್ತೇವೆ, ಫೋಟೋ ತೆಗೆಯುತ್ತೇವೆ, ಹೊರಡುತ್ತೇವೆ. ಯಾರ ಯಾವ ಕಷ್ಟಕ್ಕೆ ಹೀಗೆ ಕಟ್ಟಿದರು ಅಂತ ಕೇಳುವುದೇ ಇಲ್ಲ.

ಉಟ್ರೆಕ್ಟಿನ ಶ್ರೋಡರ್ ಮನೆಯನ್ನೇ ತೆಗೆದುಕೊಳ್ಳಿ. 1924ರದ್ದು. ಎಲ್ಲರೂ ಕೆಂಪು, ಹಳದಿ, ನೀಲಿ ಬಣ್ಣದ ಬಗ್ಗೆ ಹೇಳುತ್ತಾರೆ. ಮನೆ ಕಟ್ಟಿಸಿದ ಟ್ರೂಸ್ ಶ್ರೋಡರ್ ಬಗ್ಗೆ ಎಷ್ಟು ಜನ ಮಾತಾಡುತ್ತಾರೆ? ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಮೂರು ಮಕ್ಕಳು. ಬಡಗಿ ಕೆಲಸ ಕಲಿತು ಬೆಳೆದ ಆರ್ಕಿಟೆಕ್ಟ್ ಗೆರಿಟ್ ರೀಟ್‌ವೆಲ್ಡ್ ಅವರನ್ನು ಆ ಹೆಂಗಸು ಕರೆದು, ಮಕ್ಕಳ ಜೊತೆ ತಾನು ಹೇಗೆ ಬದುಕಬೇಕು ಅಂತಿದ್ದೇನೆ ಅಂತ ಹೇಳಿ, ಪಕ್ಕದಲ್ಲಿ ಕೂತು ಮನೆ ರೂಪಿಸಿದರು. ಮೇಲಿನ ಮಹಡಿ ಹಗಲೆಲ್ಲ ಒಂದೇ ದೊಡ್ಡ ಹಜಾರ. ರಾತ್ರಿ ಮಕ್ಕಳು ಮಲಗುವ ಹೊತ್ತಿಗೆ ಜಾರುವ ಗೋಡೆ ಎಳೆದರೆ ಬೇರೆ ಬೇರೆ ಕೋಣೆ. ಒಂದು ಮೂಲೆಯಲ್ಲಿ ಕಿಟಕಿ ಇದೆ. ಆ ಕಡೆಯದು, ಈ ಕಡೆಯದು ಎರಡನ್ನೂ ತೆರೆದರೆ ನಡುವೆ ಕಂಬವೇ ಇಲ್ಲ, ಮನೆಗೆ ಮೂಲೆಯೇ ಇಲ್ಲದ ಹಾಗಾಗುತ್ತದೆ. ನಾನು ಅಲ್ಲಿ ನಿಂತು ಬಹಳ ಹೊತ್ತು ನೋಡಿದ್ದೇನೆ. ಭಾರ ಎಲ್ಲಿ ಇಳಿಯುತ್ತಿದೆ ಅಂತ ಹುಡುಕುತ್ತಾ ಖುಷಿಯಿಂದ ಕಣ್ಣು ತುಂಬಿತ್ತು.

ಗೋಡೆ ಎಳೆದು ಮಾಡುವ ಇಂಥ ಮಹಡಿಯನ್ನು ಆಗಿನ ಕಟ್ಟಡ ನಿಯಮ ಒಪ್ಪುತ್ತಿರಲಿಲ್ಲ. ಪ್ಲಾನಿನಲ್ಲಿ ಅದನ್ನು "ಅಟ್ಟ" ಅಂತ ತೋರಿಸಿ ಒಪ್ಪಿಗೆ ಪಡೆದರು! ಟ್ರೂಸ್ 1985ರಲ್ಲಿ ತೀರಿಕೊಳ್ಳುವವರೆಗೂ ಅದೇ ಮನೆಯಲ್ಲಿದ್ದರು. ಅಲ್ಲಿ ಬೆಳೆದ ಕಿರಿಯ ಮಗಳು ಹಾನ್ ಮುಂದೆ ತಾನೇ ಆರ್ಕಿಟೆಕ್ಟ್ ಆದಳು. 2000ದಲ್ಲಿ ಆ ಮನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹುಚ್ಚು ಮನೆಯಂತೆ!

"ದುಡ್ಡಿರೋರ ದೇಶ, ಅವರಿಗೇನು" ಅನ್ನುವವರಿಗೆ ಒಂದು ಮಾತು. ಶ್ರೋಡರ್ ಮನೆಯನ್ನು ಪೂರ್ತಿ ಕಾಂಕ್ರೀಟಿನಲ್ಲಿ ಕಟ್ಟಬೇಕು ಅಂತಿತ್ತು. ಖರ್ಚು ಜಾಸ್ತಿ ಅಂತ ಗೋಡೆಗಳನ್ನು ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಮಾಡಿದರು. ಪಾಯ, ಬಾಲ್ಕನಿ ಮಾತ್ರ ಕಾಂಕ್ರೀಟು. ಎಲ್ಲಿ ಬಂತು ದುಡ್ಡಿನ ಆಟ?

ಇನ್ನೊಂದು ಹೇಳಲೇಬೇಕು. ಆಮ್‌ಸ್ಟರ್‌ಡ್ಯಾಮಿನ ಓಸ್‌ಡೋರ್ಪ್‌ನಲ್ಲಿ ವೋಜೋಕೋ ಅಂತ ಒಂದು ಕಟ್ಟಡ ಇದೆ. 55 ವರ್ಷ ದಾಟಿದವರಿಗಾಗಿ 100 ಫ್ಲಾಟ್ ಬೇಕಿತ್ತು. ಮನೆಗಳಿಗೆ ಇಷ್ಟು ಬೆಳಕು ಸಿಗಲೇಬೇಕು ಅನ್ನುವ ನಿಯಮದ ಪ್ರಕಾರ ಆ ಜಾಗದಲ್ಲಿ ಹಿಡಿಸುತ್ತಿದ್ದದ್ದು 87. ಪಕ್ಕದಲ್ಲಿ ಇನ್ನೊಂದು ಬ್ಲಾಕ್ ಎಬ್ಬಿಸಿದರೆ ಇರುವ ಹಸಿರು ಹೋಗುತ್ತದೆ. ಎಂವಿಆರ್‌ಡಿವಿ ಅನ್ನುವ ಆರ್ಕಿಟೆಕ್ಟರ ತಂಡ ಉಳಿದ 13 ಮನೆಗಳನ್ನು ಉತ್ತರದ ಗೋಡೆಯಿಂದ ಹೊರಕ್ಕೆ ತೂಗುಬಿಟ್ಟಿತು, ಮೇಜಿನ ಡ್ರಾಯರ್ ಎಳೆದು ಬಿಟ್ಟ ಹಾಗೆ. ಕೆಳಗೆ ಒಂದು ಕಂಬವೂ ಇಲ್ಲ. ಈಗ ಆ ಮನೆಗಳಿಗೆ ಪೂರ್ವ, ಪಶ್ಚಿಮ ಎರಡೂ ಕಡೆಯಿಂದ ಬೆಳಕು. ತೂಗುವ ಮನೆಗೆ ಖರ್ಚು ಜಾಸ್ತಿ. ಆ ಹೆಚ್ಚಿನ ಖರ್ಚನ್ನು ಕಟ್ಟಡದ ಉಳಿದ ಭಾಗದಲ್ಲಿ ದುಡ್ಡು ಉಳಿಸಿ ಸರಿದೂಗಿಸಿದರು. 1997ರ ಮಾತು ಇದು.

ಇದನ್ನು ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನಲ್ಲಿ ನಾನು ಕಂಡ ಎಷ್ಟೋ ಕಡೆ ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ, ಇರುವುದು ಪ್ಲಾನಿನಲ್ಲಿ ಮಾತ್ರ. ಸೈಟಿನಲ್ಲಿ ಗೋಡೆಗೆ ಗೋಡೆ ತಾಗುತ್ತದೆ, ಅಡುಗೆಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು. ವೋಜೋಕೋದಲ್ಲಿ ಬೆಳಕಿನ ನಿಯಮವನ್ನು ಗೌರವಿಸಿಯೇ ಮನೆಯನ್ನು ಗಾಳಿಯಲ್ಲಿ ನಿಲ್ಲಿಸಿದ್ದಾರೆ.

ಎಲ್ಲ ಪ್ರಯೋಗವೂ ಗೆದ್ದಿದೆಯಾ ಅಂತ ಕೇಳಬಹುದು. ಖಂಡಿತ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆ ಸೋತಿತು. ಕಾರಿಗೆ ಎತ್ತರದ ರಸ್ತೆ, ಜನಕ್ಕೆ ಕೆಳಗಿನ ಹಸಿರು ಅಂತ ಕನಸು ಕಂಡು ಕಟ್ಟಿದ್ದು. ಉದ್ದುದ್ದ ಕಟ್ಟಡಗಳ ನೆಲ ಅಂತಸ್ತಿನಲ್ಲಿ ಬರೀ ಸಾಮಾನು ಕೋಣೆ, ಮನುಷ್ಯರ ಸುಳಿವಿಲ್ಲ. ಓಡಾಡಲು ಜನ ಹೆದರಿದರು. ಎಷ್ಟೋ ಬ್ಲಾಕ್ ಕೆಡವಿದರು. ಆದರೆ ಕ್ಲೈಬರ್ಗ್ ಅನ್ನುವ 400 ಮೀಟರ್ ಉದ್ದದ, 500 ಫ್ಲಾಟಿನ ಬ್ಲಾಕನ್ನು ಒಂದು ಯೂರೋಗೆ ಕೊಂಡು ಉಳಿಸಿದರು. ಸಾಮಾನು ಕೋಣೆಗಳನ್ನು ಮೇಲಕ್ಕೆ ಸಾಗಿಸಿ ನೆಲ ಅಂತಸ್ತಿಗೆ ಮನೆ ತಂದರು. ಫ್ಲಾಟುಗಳನ್ನು ಖಾಲಿಯೇ ಮಾರಿದರು. ಅಡುಗೆಮನೆಯೂ ಇಲ್ಲ, ಕೊಂಡವರು ತಮಗೆ ಬೇಕಾದ ಹಾಗೆ ಮಾಡಿಕೊಳ್ಳಬೇಕು. ಕೊಳ್ಳುವವರಿಗೂ ಅಗ್ಗವಾಯಿತು. 2017ರಲ್ಲಿ ಅದಕ್ಕೆ ಕಟ್ಟಡಗಳಿಗೆ ಕೊಡುವ ಯುರೋಪಿನ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಬಂತು. ಸೋತ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸಿದ್ದಕ್ಕೆ!

ಇಲ್ಲಿಗೆ ಬರುವ ಗೆಳೆಯರೇ, ಶ್ರೋಡರ್ ಮನೆಗೆ ಮೊದಲೇ ಆನ್‌ಲೈನಿನಲ್ಲಿ ಸಮಯ ಬುಕ್ ಮಾಡಿ. ಓಸ್‌ಡೋರ್ಪಿಗೆ ಹೋಗುವುದಾದರೆ ನನಗೆ ಹೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ. ಉತ್ತರದ ಕಡೆಯಿಂದ ನೋಡಬೇಕು. ಅಲ್ಲಿ ವಯಸ್ಸಾದವರು ವಾಸ ಇದ್ದಾರೆ, ಕಿಟಕಿಗೆ ಕ್ಯಾಮೆರಾ ಹಿಡಿಯಬೇಡಿ.