ಎಣ್ಣೆ ಮಾತು

ಎಣ್ಣೆ ಒಳಗೆ ಹೋದರೆ ಮಾತು ತೊದಲುತ್ತದೆ ಅಂತಾರೆ. ನಮ್ಮ ನಾಯಕರಿಗೆ ಒಳಗೆ ಹೋಗುವುದೇ ಬೇಡ, ಎಣ್ಣೆಯ ಸುದ್ದಿ ಎತ್ತಿದರೆ ಸಾಕು. ನಾನು ಹೇಳುತ್ತಿರುವುದು ಬಂಕಿನ ಎಣ್ಣೆ. ಇನ್ನೊಂದರ ಬಗ್ಗೆ ಅವರು ಮಾತೇ ಆಡುವುದಿಲ್ಲ.

ಪಣಂಬೂರು ಬೀಚಿನಲ್ಲಿ ಚುರುಮುರಿ ತಿನ್ನುತ್ತಾ ಕೂತರೆ ದೂರದಲ್ಲಿ ಹಡಗುಗಳು ಕಾಣುತ್ತವೆ. ನವಮಂಗಳೂರು ಬಂದರಿಗೆ ಕಚ್ಚಾ ತೈಲ ಹಡಗಿನಲ್ಲಿ ಬರುತ್ತದೆ. ಎಂಆರ್‌ಪಿಎಲ್ ಅನ್ನುವ ರಿಫೈನರಿಯಲ್ಲಿ, ಅಂದರೆ ತೈಲ ಶುದ್ಧೀಕರಿಸುವ ಕಾರ್ಖಾನೆಯಲ್ಲಿ, ಅದು ಪೆಟ್ರೋಲ್, ಡೀಸೆಲ್, ವಿಮಾನದ ಇಂಧನವಾಗುತ್ತದೆ. ಅದರಲ್ಲಿ ಒಂದು ಪಾಲು ಅದೇ ಬಂದರಿನಿಂದ ಮತ್ತೆ ಹಡಗು ಹತ್ತುತ್ತದೆ. ಮಾರಿಷಸ್‌ಗೆ ವರ್ಷಗಟ್ಟಲೆ ಇಲ್ಲಿಂದಲೇ ಹೋಗಿದೆ. ಇದರಲ್ಲಿ ಗುಟ್ಟೇನೂ ಇಲ್ಲ. ನಮ್ಮ ಬೀದಿಯ ಅಕ್ಕ ಒಬ್ಬರು ಅಂಗಡಿಯಿಂದ ಅಕ್ಕಿ, ಉದ್ದು ತಂದು ಚಕ್ಕುಲಿ ಕರಿದು ಮಾರುತ್ತಾರಲ್ಲ, ಹಾಗೇ. ಆದರೆ ಆ ಅಕ್ಕ ಒಂದು ದಿನವೂ ‘ನಂದು ಹತ್ತೆಕರೆ ಗದ್ದೆ’ ಅಂದವರಲ್ಲ.

ನಾಯಕರು ಅನ್ನುತ್ತಾರೆ. ಹೂಡಿಕೆದಾರರ ಸಮಾವೇಶದಲ್ಲಿ ಭಾರತ ಇಂಧನ ರಫ್ತಿನ ದೈತ್ಯ. ಜಗತ್ತಿನ ಅತಿ ದೊಡ್ಡ ರಿಫೈನರಿ ನಮ್ಮ ಜಾಮ್‌ನಗರದ್ದು. ಅದೂ ನಿಜವೇ. ವೇದಿಕೆ ಇಳಿಯುವಾಗ ಯಾರಾದರೂ ಮೈಕ್ ಹಿಡಿದು ಬಂಕಿನ ರೇಟು ಕೇಳಿದರೋ, ದೈತ್ಯ ಅಲ್ಲೇ ಬಡಪಾಯಿ. ‘ಏನ್ ಮಾಡೋದ್ರೀ, 85 ಪರ್ಸೆಂಟಿಗಿಂತ ಜಾಸ್ತಿ ಹೊರಗಿಂದಲೇ ತರಬೇಕಲ್ಲ!’ ನಡುವೆ ಇದ್ದದ್ದು ನಾಲ್ಕು ಮೆಟ್ಟಿಲು.

2015ರಲ್ಲಿ ಪ್ರಧಾನಿ ಮೋದಿ ಒಂದು ಗುರಿ ಕೊಟ್ಟಿದ್ದರು. ಆಗ ನಮ್ಮ ತೈಲದಲ್ಲಿ ಶೇ 77ರಷ್ಟು ಆಮದು. 2022ರೊಳಗೆ ಇದನ್ನು ಹತ್ತು ಕಡಿಮೆ ಮಾಡಬೇಕು ಅಂದರು. 2022-23ರಲ್ಲಿ ಲೆಕ್ಕ ನೋಡಿದರೆ ಶೇ 87! ಹತ್ತು ಅಂದಿದ್ದರು, ಹತ್ತೇ ಆಗಿದೆ. ಪ್ಲಸ್ಸೋ ಮೈನಸ್ಸೋ ಅಂತ ಕೇಳುವವರು ಸುಮ್ನೆ ಕೊಂಕು ತೆಗೆಯುವವರು.

‘ಬೆಲೆ ನಮ್ಮ ಕೈಲಿಲ್ಲ, ಅಂತರರಾಷ್ಟ್ರೀಯ ಮಾರುಕಟ್ಟೆ’ ಅನ್ನುವುದು ಇನ್ನೊಂದು ಮಾತು. ಈ ಮಾರುಕಟ್ಟೆಗೆ ನಮ್ಮ ಮೇಲೆ ಎಂಥ ಪ್ರೀತಿ ಅಂದರೆ, 2018ರ ಕರ್ನಾಟಕ ವಿಧಾನಸಭೆ ಚುನಾವಣೆಯ ಹೊತ್ತಿಗೆ ದಿನಾ ಬದಲಾಗುವ ರೇಟು 19 ದಿನ ಅಲ್ಲಾಡದೆ ನಿಂತಿತ್ತು. ಮೇ 12ಕ್ಕೆ ಮತದಾನ. ಮೇ 14ಕ್ಕೆ ರೇಟು ಮತ್ತೆ ಹತ್ತಲು ಶುರು. ನ್ಯೂಯಾರ್ಕು, ಲಂಡನ್ನಿನ ದಲ್ಲಾಳಿಗಳು ನಮ್ಮ ಬೆರಳಿನ ಶಾಯಿ ಆರುವುದನ್ನೇ ಕಾದಿದ್ದರು ಅನ್ನಿಸುತ್ತದೆ. 2020ರಲ್ಲಿ ಕಚ್ಚಾ ತೈಲ ನೆಲ ಕಚ್ಚಿದಾಗ ಮಾತ್ರ ಮಾರುಕಟ್ಟೆಯ ನೆನಪು ಯಾರಿಗೂ ಬರಲಿಲ್ಲ. ಮೇ ತಿಂಗಳಲ್ಲಿ ಕೇಂದ್ರದ ತೆರಿಗೆ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಏರಿತು.

ರಫ್ತಿನ ಹೆಮ್ಮೆಯ ಕಥೆಯೂ ಕೇಳಿ. 2022ರಲ್ಲಿ ಕಂಪನಿಗಳು ಹೊರಗೆ ಒಳ್ಳೆ ರೇಟು ಸಿಗುತ್ತೆ ಅಂತ ಅಲ್ಲಿಗೇ ಕಳಿಸಿದವು. ಇಲ್ಲಿ ಕೆಲವು ಬಂಕುಗಳಲ್ಲಿ ‘ನೋ ಸ್ಟಾಕ್’ ಬೋರ್ಡು. ಜುಲೈ 1ಕ್ಕೆ ಸರ್ಕಾರ ಆ ಹೆಮ್ಮೆಯ ಮೇಲೇ ತೆರಿಗೆ ಜಡಿಯಿತು, ಲೀಟರ್ ಪೆಟ್ರೋಲಿಗೆ 6, ಡೀಸೆಲ್‌ಗೆ 13. ಪೆಟ್ರೋಲಿನದು ತಿಂಗಳು ತುಂಬುವ ಮೊದಲೇ ಹೋಯಿತು.

ಇದು ದೆಹಲಿಯವರಿಗಷ್ಟೇ ಬಂದ ಕಾಯಿಲೆ ಅಲ್ಲ. ಬೆಲೆ ಏರಿತು ಅಂತ ರಸ್ತೆಗೆ ಎತ್ತಿನಗಾಡಿ ಇಳಿಸಿದ್ದವರೇ ವಿಧಾನಸೌಧ ಸೇರಿ, 2024ರ ಜೂನ್‌ನಲ್ಲಿ ಪೆಟ್ರೋಲಿಗೆ 3 ರೂಪಾಯಿ ಏರಿಸಿದರು. ಕೇಳಿದರೆ, ಪಕ್ಕದ ರಾಜ್ಯಗಳಿಗಿಂತ ಕಡಿಮೆಯೇ ಅಂದರು. ಆಗ ರಸ್ತೆಗಿಳಿಯುವ ಸರದಿ ಇನ್ನೊಂದು ಪಕ್ಷದ್ದು. ಪಾಪ, ಎತ್ತುಗಳಿಗೆ ಮಾತ್ರ ಯಾವ ಸರ್ಕಾರ ಬಂದರೂ ಕೆಲಸ ತಪ್ಪಿಲ್ಲ.

ನಿನ್ನೆ ಬಂಕಿಗೆ ಹೋಗಿದ್ದೆ. ಮುಂದೆ ಇದ್ದವರು 100, 200 ಅಂತ ರೂಪಾಯಿ ಲೆಕ್ಕದಲ್ಲೇ ಕೇಳುತ್ತಿದ್ದರು. ಲೀಟರ್ ಅಂದವರು ಒಬ್ಬರೂ ಇಲ್ಲ. ನನ್ನ ಸರದಿ ಬಂತು. ಹುಡುಗ ಪೈಪು ಎತ್ತಿಕೊಂಡು ಮೀಟರ್ ಕಡೆ ಬೆರಳು ತೋರಿಸಿದ.

‘ಸಾರ್, ಜೀರೋ ನೋಡ್ಕೊಳ್ಳಿ.’

ನೋಡಿಕೊಂಡೆ.